ಕಂಬದಲ್ಲಿ ಉಳಿದ ದಬ್ಬಣ

ಅಜ್ಜಂಪುರದ ರೈಲು ನಿಲ್ದಾಣದ ಹಿಂದಿನ ಬೀದಿ. ಸೂರ್ಯ ಇನ್ನೂ ಹೆಂಚುಗಳ ಮೇಲಕ್ಕೆ ಏರಿಲ್ಲ. ಮನೆಯ ಮುಂದಿನ ಅಂಗಳದಲ್ಲಿ ಸೈದಾನಿ ಬಿ ಪೂರ್ವಕ್ಕೆ ಮುಖಮಾಡಿ ನಿಂತಿದ್ದಾರೆ. ನೆಟ್ಟ ಎರಡು ಗಳುಗಳ ನಡುವೆ ಹಳೆಯ ಗೋಣಿಚೀಲವೊಂದನ್ನು ಅಗಲಿಸಿ ತೂಗುಹಾಕಿ, ಅದರ ಬೆನ್ನಿಗೆ ಎಳೆಬಿಸಿಲು ತಾಗುವುದನ್ನು ಕಾಯುತ್ತಾರೆ. ಬಿಸಿಲು ತಾಗಿದೊಡನೆ ಚೀಲದ ತೂತುಗಳೆಲ್ಲ ಒಮ್ಮೆಲೇ ಬೆಳಗುತ್ತವೆ. ಇಲಿ ಕಡಿದದ್ದು ದುಂಡಗೆ, ಹಮಾಲರ ಕೊಕ್ಕೆ ಎಳೆದದ್ದು ಉದ್ದಕ್ಕೆ, ನೆಲದ ತೇವಕ್ಕೆ ನವೆದದ್ದು ಜರಡಿಯಂತೆ. ಸುಣ್ಣದ ಕಡ್ಡಿಯಿಂದ ಒಂದೊಂದಕ್ಕೂ ಗುರುತು ಹಾಕಿ, ಚೀಲವನ್ನು ಇಳಿಸಿ, ಇನ್ನೊಂದನ್ನು ಏರಿಸುತ್ತಾರೆ.

"ಹೊತ್ತೇರಿದ್ಮೇಲೆ ಏನೂ ಕಾಣಾಕಿಲ್ಲ ಸಾಮಿ. ಬಿಸ್ಲು ನೆತ್ತಿಗೆ ಬಂತು ಅಂದ್ರೆ ಎಲ್ಲಾ ಚೀಲನೂ ಒಳ್ಳೇದೇ ಅನ್ಸುತ್ತೆ. ಅದರ ಕಳ್ಳತನ ಸಿಕ್ಕೋದು ಈ ಹೊತ್ತಲ್ಲೇ" ಎನ್ನುತ್ತಾರೆ. ಮಳೆಗಾಲದಲ್ಲಿ ಮೋಡವಿಲ್ಲದ ಬೆಳಗು ಅಪರೂಪ. ಆದ್ದರಿಂದ ಇಂತಹ ದಿನ ಅವರು ಮಾತಿಗೆ ನಿಲ್ಲುವುದಿಲ್ಲ. ಕೈ ಆಡಿಸುತ್ತಲೇ ಉತ್ತರ ಕೊಡುತ್ತಾರೆ.

ಸೈದಾನಿ ಬಿ ಅವರಿಗೆ ಈಗ ಅರವತ್ತರ ಆಸುಪಾಸು. ಹರಿದ ಗೋಣಿಚೀಲಗಳನ್ನು ಕೊಂಡು, ತೇಪೆ ಹಾಕಿ, ಹೊಲಿದು, ಈರುಳ್ಳಿ ಬೆಳೆಯುವವರಿಗೆ ಒದಗಿಸುವುದು ಅವರ ಕಸುಬು. ಅತ್ತೆಯಿಂದ ಬಂದ ಕಸುಬು ಇದು. ಈ ಸೀಮೆಯ ಈರುಳ್ಳಿ ದೂರದ ಪೇಟೆಗಳನ್ನು ತಲುಪಿ ಹೆಸರು ಗಳಿಸಿದೆ. ಅದನ್ನು ಹೊತ್ತೊಯ್ದ ಚೀಲದ ಹೊಲಿಗೆ ಯಾರದೆಂದು ಕೇಳಿದವರು ಕಡಿಮೆ.

ಬಿಸಿಲು ಬಲಿಯುವ ಹೊತ್ತಿಗೆ ಹೊಲಿಯುವ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಾರೆ. ಬಂದವರು ಮೊದಲು ಹೋಗುವುದು ಜಗಲಿಯ ಸೂರು ಹೊತ್ತ ಬೇವಿನ ಕಂಬದ ಬಳಿಗೆ. ಅದರ ತುಂಬ ದಬ್ಬಣಗಳನ್ನು ಚುಚ್ಚಿ ಚುಚ್ಚಿ ಆದ ಗುರುತುಗಳಿವೆ. ಸಂಜೆ ಏಳುವಾಗ ಪ್ರತಿಯೊಬ್ಬಳೂ ತನ್ನ ದಬ್ಬಣವನ್ನು ತನ್ನದೇ ಜಾಗದಲ್ಲಿ ಚುಚ್ಚಿ ಹೋಗಬೇಕು, ಅದರ ಕಣ್ಣಲ್ಲಿ ಒಂದಿಷ್ಟು ದಾರ ಉಳಿದಿರಬೇಕು, ಮರುದಿನದ ಕೆಲಸ ಆ ದಾರದಿಂದಲೇ ಮೊದಲಾಗಬೇಕು ಎಂಬುದು ಅತ್ತೆಯ ಕಾಲದ ಕಟ್ಟಳೆ. ಕೆಲಸ ಬಿಟ್ಟು ಹೋಗುವವಳು ಮಾತ್ರ ತನ್ನ ದಬ್ಬಣವನ್ನು ಕಿತ್ತು ಜೊತೆಯಲ್ಲಿ ಒಯ್ಯುತ್ತಾಳೆ.

ಈಗ ಐದು ಮಂದಿ ತಮ್ಮ ತಮ್ಮ ದಬ್ಬಣ ಕಿತ್ತುಕೊಂಡು ಚಾಪೆಯ ಮೇಲೆ ಕೂರುತ್ತಾರೆ. ಕಂಬದಲ್ಲಿ ಒಂದು ಉಳಿಯುತ್ತದೆ. ಅದನ್ನು ಯಾರೂ ಮುಟ್ಟುವುದಿಲ್ಲ.

"ಅದು ತಿಮ್ಮಕ್ಕಂದು" ಎಂದು ಸೈದಾನಿ ಬಿ ಅವರ ಸೊಸೆ ಫಿರ್ದೋಸ್ ತಗ್ಗಿದ ದನಿಯಲ್ಲಿ ಹೇಳುತ್ತಾರೆ. "ಬಿಟ್ಟು ಹೋದ್ರು, ತಗೊಂಡು ಹೋಗ್ಲಿಲ್ಲ. ನಮ್ಮತ್ತೆ ವಾರಕ್ಕೊಂದ್ಸಲ ಅದಕ್ಕೆ ಕೊಬ್ರಿ ಎಣ್ಣೆ ಹಚ್ತಾರೆ."

ಆ ದಬ್ಬಣದ ಕಥೆ ತಿಳಿಯಬೇಕಾದರೆ ಕಸುಬಿನ ಕಾಲಮಾನ ತಿಳಿಯಬೇಕು. ರಾಗಿ ಮಾರಾಟ ಮುಗಿದ ಬೇಸಿಗೆಯಲ್ಲಿ ಕಡೂರು, ಬೀರೂರುಗಳಲ್ಲಿ ಹಳೆಯ ಚೀಲ ಅಗ್ಗ. ಕೊಳ್ಳಬೇಕಾದ್ದು ಆಗ. ಹೊಲಿಯಬೇಕಾದ್ದು ಮುಂಗಾರಿನ ತಿಂಗಳುಗಳಲ್ಲಿ. ಈರುಳ್ಳಿ ಕಿತ್ತು, ತುಂಬಿ, ಲಾರಿ ಹೊರಟು, ಪೇಟೆಯಲ್ಲಿ ಮಾರಾಟವಾಗಿ ಚೀಲದ ಹಣ ಕೈಸೇರುವಾಗ ದಸರೆ ಬಂದಿರುತ್ತದೆ. ಯುಗಾದಿಯಲ್ಲಿ ಹಾಕಿದ್ದು ದಸರೆಯಲ್ಲಿ ಬರುವುದಾದರೆ ನಡುವಿನ ತಿಂಗಳುಗಳನ್ನು ದಾಟುವುದು ಹೇಗೆ? ಈ ಕಸುಬಿನ ಕಷ್ಟವೆಲ್ಲ ಅಡಗಿರುವುದು ಆ ಒಂದು ಪ್ರಶ್ನೆಯಲ್ಲಿ.

ಬಹುಕಾಲ ಅದಕ್ಕೆ ಉತ್ತರ ತರೀಕೆರೆಯ ಮಂಡಿಯವರೊಬ್ಬರ ಮುಂಗಡವಾಗಿತ್ತು. ಅವರು ತಾವೇ ಚೀಲ ಕೊಂಡು ಕಳಿಸುತ್ತಿದ್ದರು. ಹೊಲಿದ ಚೀಲ ಅವರಿಗೇ ಹೋಗುತ್ತಿತ್ತು. ಕೆಟ್ಟವರಲ್ಲ, ಕೊಟ್ಟ ಮಾತಿಗೆ ತಪ್ಪಿದವರೂ ಅಲ್ಲ. ಆದರೆ ಯಾವ ಚೀಲ ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ಸೈದಾನಿ ಬಿ ಅವರ ಕೈತಪ್ಪಿತ್ತು. "ನಮ್ಮತ್ತೆ ಕಾಲ್ದಲ್ಲಿ ನಾವೇ ಕಡೂರಿಗೆ ಹೋಗಿ, ಒಂದೊಂದ್ ಚೀಲನೂ ಮೂಸಿ, ಜಗ್ಗಿ ತತ್ತಿದ್ವಿ. ಆಮೇಲೆ ಅವರು ಕಳಿಸಿದ್ದು ಹೊಲ್ಯೋದು ಅಷ್ಟೇ ಆಯ್ತು. ಮನೆ ನಮ್ದೇ, ಕೂಲಿ ಅವರ್ದು. ನಂಗೆ ಆ ಕಡೂರಿನ ರಾಶಿ ಕನಸಲ್ಲಿ ಬರೋದು" ಎನ್ನುವಾಗ ಅವರ ಕೈ ಒಂದು ಗಳಿಗೆ ನಿಲ್ಲುತ್ತದೆ.

ಕೆಲವು ವರ್ಷಗಳ ಹಿಂದೆ ಫಿರ್ದೋಸ್ ಅತ್ತೆಯನ್ನು ತರೀಕೆರೆಯ ಬ್ಯಾಂಕೊಂದಕ್ಕೆ ಕರೆದೊಯ್ದರು. ಬ್ಯಾಂಕಿನವರು ದುಡಿಮೆ ಬಂಡವಾಳ ಎಂದು ಕರೆಯುವ ಏರ್ಪಾಡು ಅಲ್ಲಿ ದೊರೆಯಿತು. ಮನೆ ಕಟ್ಟಲೋ ಯಂತ್ರ ಕೊಳ್ಳಲೋ ಕೊಡುವ ಸಾಲ ಇದಲ್ಲ. ಒಂದು ಮಿತಿಯೊಳಗೆ ಬೇಕಾದಾಗ ಬೇಕಾದಷ್ಟು ತೆಗೆಯಬಹುದು. ಮಾರಾಟದ ಹಣ ಬಂದಾಗ ತುಂಬಬಹುದು. ತೆಗೆದ ಮೊತ್ತಕ್ಕೆ, ಬಳಸಿದ ದಿನಗಳಿಗೆ ಮಾತ್ರ ಬಡ್ಡಿ. ಕೊಳ್ಳುವ ದಿನಕ್ಕೂ ಮಾರುವ ದಿನಕ್ಕೂ ನಡುವಿನ ಹಳ್ಳಕ್ಕೆ ಹಾಸಿದ ಹಲಗೆಯೆಂದರೆ ತಪ್ಪಾಗದು.

ಆ ಹಲಗೆಯ ಮೇಲೆ ಸೈದಾನಿ ಬಿ ಇಟ್ಟ ಮೊದಲ ಹೆಜ್ಜೆಯೇ ಜಾರಿತು. ಬಹಳ ವರ್ಷಗಳ ಮೇಲೆ ಕಡೂರಿನಲ್ಲಿ ಸ್ವಂತ ಕೈಯಿಂದ ಚೀಲ ಆಯುವ ಸಂಭ್ರಮ ಅವರದು. ಮಿತಿಯಲ್ಲಿದ್ದ ಹಣವನ್ನೆಲ್ಲ ಒಂದೇ ಸಲಕ್ಕೆ ತೆಗೆದು ಚೀಲಕ್ಕೆ ಸುರಿದರು. ಕೊಟ್ಟಿಗೆ ತೊಲೆಯವರೆಗೆ ತುಂಬಿತು. "ಏನ್ ಚೀಲ ಅಂತೀರಾ! ಒಂದ್ಕಿಂತ ಒಂದು. ನೋಡ್ತಾ ಇದ್ರೆ ಹೊಟ್ಟೆ ತುಂಬೋದು" ಎಂದು ಈಗಲೂ ನಗುತ್ತಾರೆ. ಹೆಂಗಸರ ಹೊಟ್ಟೆ ಮಾತ್ರ ತುಂಬಲಿಲ್ಲ. ಕೂಲಿಗೆಂದು ಏನೂ ಉಳಿದಿರಲಿಲ್ಲ. ಸಂತೆಯ ಹಿಂದಿನ ಸಂಜೆ ಬಟವಾಡೆ ಕೇಳಿದವರಿಗೆಲ್ಲ "ನಾಳೆ" ಎಂಬ ಉತ್ತರ ದೊರೆಯಿತು. ಅಂಗಳದಲ್ಲಿ ಆಗ ಹನ್ನೆರಡು ಮಂದಿ ಕೂರುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಒಬ್ಬೊಬ್ಬರೇ ದಬ್ಬಣ ಕಿತ್ತುಕೊಂಡು ನಡೆದರು. ಕೊನೆಗೆ, ದಬ್ಬಣವನ್ನು ಕಂಬದಲ್ಲೇ ಬಿಟ್ಟು ಹೋದವರು ತಿಮ್ಮಕ್ಕ. ಅವರು ಸೈದಾನಿ ಬಿ ಈ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ ಅವರ ಮಗ್ಗುಲಲ್ಲಿ ಕೂತು ಹೊಲಿದವರು.

ಆ ವಾರದಲ್ಲೇ ಬ್ಯಾಂಕಿನ ಅಧಿಕಾರಿ ಅನುಪಮಾ ದಾಸ್ತಾನು ನೋಡಲು ಬಂದಿದ್ದರು. ಕೊಟ್ಟಿಗೆಯನ್ನು ಸುತ್ತಿ, ಚೀಲಗಳನ್ನು ಮೆಚ್ಚಿ, ಅಂಗಳಕ್ಕೆ ಬಂದು ಅವರು ಕೇಳಿದ್ದು ಒಂದೇ ಮಾತು: "ಚೀಲ ಎಲ್ಲಾ ಚೆನ್ನಾಗಿದೆ ಅಮ್ಮ. ಹೊಲಿಯೋರು ಎಲ್ಲಿ?"

"ಬತ್ತಾರೆ ಮೇಡಂ, ನಾಳೆ ಬತ್ತಾರೆ ಅಂದ್ಬಿಟ್ಟೆ. ಅವರಿಗೂ ನಾಳೆ ಅಂದೆ ನೋಡಿ" ಎಂದು ಸೈದಾನಿ ಬಿ ನೆನೆಯುತ್ತಾರೆ.

ನಾಳೆ ಯಾರೂ ಬರಲಿಲ್ಲ. ಆ ವರ್ಷ ಹಿರೇನಲ್ಲೂರಿನ ರೈತ ಹಾಲೇಶ್ ಈರುಳ್ಳಿ ಕೀಳಿಸಿ, ಕೊಯ್ದು, ಹೊಲದಲ್ಲಿ ಗುಡ್ಡೆ ಹಾಕಿ ಚೀಲಕ್ಕಾಗಿ ಕಾದರು. ಚೀಲಗಳು ಅಜ್ಜಂಪುರದ ಕೊಟ್ಟಿಗೆಯಲ್ಲಿ ತೂತು ತೂತಾಗಿಯೇ ಬಿದ್ದಿದ್ದವು. ಲಾರಿ ಖಾಲಿ ಹಿಂದಿರುಗಿತು, ಗುಡ್ಡೆಗಳ ಮೇಲೆ ಹಿಡಿದ ಮಳೆ ಹಿಂದಿರುಗಲಿಲ್ಲ. "ಚೀಲ ಅಂದ್ರೆ ಏನ್ ಮಹಾ ಅನ್ಕೊಂಡಿದ್ವಿ ಕಣ್ರೀ. ಗೊಬ್ಬರಕ್ಕೆ ಓಡಾಡ್ದೆ, ಆಳಿಗೆ ಓಡಾಡ್ದೆ, ಚೀಲಕ್ಕೆ ಓಡಾಡ್ಲಿಲ್ಲ. ಗುಡ್ಡೆಗೆ ಗುಡ್ಡೇನೇ ಕೊಳ್ತು ನಾರ್ತಿತ್ತು" ಎನ್ನುತ್ತಾರೆ ಹಾಲೇಶ್. ಬೈಯಲು ಬಂದ ಅವರು ಅಂಗಳದಲ್ಲಿ ಒಬ್ಬರೇ ಕೂತು ಹೊಲಿಯುತ್ತಿದ್ದ ಸೈದಾನಿ ಬಿ ಅವರನ್ನು ಕಂಡು, ಬೈಯದೆ ನೀರು ಕುಡಿದು ಹೋದರಂತೆ.

ಅನುಪಮಾ ಮತ್ತೆ ಬಂದರು. ಹಣ ತೆಗೆಯುವ ಬಗೆಯನ್ನು ಫಿರ್ದೋಸ್ ಜೊತೆ ಕೂತು ಹೊಸದಾಗಿ ಹೊಂದಿಸಿದರು. ಬೇಸಿಗೆಯಲ್ಲಿ ಚೀಲಕ್ಕೆ ಒಂದು ಪಾಲು ಮಾತ್ರ. ಉಳಿದದ್ದು ವಾರವಾರದ ಕೂಲಿಗೆ, ದಾರಕ್ಕೆ, ಗಾಡಿಬಾಡಿಗೆಗೆ. ಇತ್ತ ಹಾಲೇಶ್ ಮತ್ತು ಅವರ ಸಂಗಡಿಗರು ಬಿತ್ತನೆ ಮುಗಿದೊಡನೆ ತಮಗೆಷ್ಟು ಚೀಲ ಬೇಕೆಂದು ಹೇಳಿಕಳಿಸತೊಡಗಿದರು. ಈರುಳ್ಳಿ ಮಾರಾಟವಾದ ದಿನವೇ ಚೀಲದ ಹಣ ಈರುಳ್ಳಿ ಕೊಂಡ ಮಂಡಿಯಿಂದ ನೇರವಾಗಿ ಸೈದಾನಿ ಬಿ ಅವರ ಖಾತೆಗೆ ಬೀಳುವಂತೆ ಏರ್ಪಾಟಾಯಿತು. ಹಣ ಹೊತ್ತಿಗೆ ಸರಿಯಾಗಿ ಬಂದುದನ್ನು ಕಂಡ ಬ್ಯಾಂಕು ಮಿತಿಯನ್ನು ಏರಿಸಿತು. ಹೊಲ, ಅಂಗಳ, ಬ್ಯಾಂಕು ಮೂರೂ ಒಂದೇ ದಾರದಲ್ಲಿ ಹೊಲಿದುಕೊಂಡವು. ಹೋದವರಲ್ಲಿ ನಾಲ್ವರು ಮರಳಿದರು, ಹೊಸಬಳೊಬ್ಬಳು ಸೇರಿದಳು. ಒಬ್ಬೊಬ್ಬರೂ ದಿನಕ್ಕೆ ನಲವತ್ತರ ಮೇಲೆ ಚೀಲ ಹೊಲಿಯುತ್ತಾರೆ.

ಆದರೆ ಚೀಲಕ್ಕೆ ಕಿವಿಗಳಿವೆ. ಹಮಾಲರು ಹಿಡಿದು ಎತ್ತುವ ಮೂಲೆಗಳು ಅವು. ಅಲ್ಲಿ ಹೊಲಿಗೆ ಬಿಟ್ಟರೆ ಇಡೀ ಚೀಲ ನೆಲಕ್ಕೆ. ಆ ಕಿವಿ ಕಟ್ಟುವುದರಲ್ಲಿ ತಿಮ್ಮಕ್ಕನ ಕೈ ಬೇರೆಯೇ. ಲಾರಿಗೆ ತುಂಬುವವರು ಇಂದಿಗೂ ಚೀಲದ ಮೂಲೆ ಜಗ್ಗಿ, "ತಿಮ್ಮಕ್ಕನ ಕಿವಿ ಅಲ್ಲ ಇದು" ಎಂದು ಗೊಣಗುತ್ತಾರೆ. ಈ ಸಲ ಬೇಡಿಕೆ ಹಿಂದೆಂದಿಗಿಂತ ಹೆಚ್ಚು, ಕೀಳುವ ಕಾಲ ಹತ್ತಿರದಲ್ಲಿದೆ. ಆದರೂ ಸೈದಾನಿ ಬಿ ತಿಮ್ಮಕ್ಕನ ಹೆಸರೆತ್ತುವುದು ಬೇಡಿಕೆಗಾಗಿ ಮಾತ್ರವಲ್ಲವೆಂಬುದು, ತಮ್ಮ ಮಗ್ಗುಲ ಖಾಲಿ ಚಾಪೆಯನ್ನು ಅವರು ದಿನವೂ ಬಿಡಿಸಿ ಸಂಜೆ ಸುತ್ತಿಡುವುದನ್ನು ಕಂಡವರಿಗೆ ತಿಳಿಯುತ್ತದೆ.

ಮರುದಿನ ಬೀರೂರು, ಕಡೂರು ದಾಟಿ ಬಸ್ಸಿನಲ್ಲಿ ಸಖರಾಯಪಟ್ಟಣಕ್ಕೆ ಅವರೊಡನೆ ಪಯಣ. ತಿಮ್ಮಕ್ಕ ಅಲ್ಲಿ ಮಗಳ ಮನೆಯಲ್ಲಿದ್ದು, ಕೊಬ್ಬರಿಯ ಚಿಪ್ಪು ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. ಸೈದಾನಿ ಬಿ ಕೈಯಲ್ಲಿ ಮಡಿಸಿದ ಒಂದು ಗೋಣಿಚೀಲ.

"ಓಹೋ, ಬೂಬಮ್ಮ! ದಾರಿ ತಪ್ಪಿ ಬಂದ್ಯೇನೇ?" ಚಿಪ್ಪಿನ ರಾಶಿಯ ನಡುವಿನಿಂದ ತಿಮ್ಮಕ್ಕ ಕೂಗುತ್ತಾರೆ.

"ದಾರಿ ತಪ್ಪಿದೋಳು ನೀನು ಕಣೇ. ಅಜ್ಜಂಪುರಕ್ಕೆ ಬರೋ ಬಸ್ಸಿಗೆ ಬೋರ್ಡ್ ಹಾಕಲ್ವಾ ನಿಮ್ಮೂರಲ್ಲಿ?"

"ಬೋರ್ಡ್ ಹಾಕ್ತಾರೆ. ಕರಿಯೋರು ಇರ್ಲಿಲ್ಲ."

ಸೈದಾನಿ ಬಿ ಎದುರಿಗೆ ಕೂರುತ್ತಾರೆ. "ಆಗ ಕಾಸಿರ್ಲಿಲ್ಲ ಕಣೇ. ಎಲ್ಲಾ ಚೀಲಕ್ಕೆ ಹಾಕ್ಬಿಟ್ಟಿದ್ದೆ."

"ಕಾಸಿಲ್ಲ ಅಂತ ಅನ್ಬೋದಿತ್ತಲ್ಲ! ನಾಳೆ ನಾಳೆ ಅಂದೆ. ನಿನ್ ಮಾತು ನಂಬ್ಕೊಂಡು ನಾನೂ ಅಂಗ್ಡಿ ಸಾಲಕ್ಕೆ ನಾಳೆ ಅಂದೆ. ನಿನ್ ನಾಳೆಗೆ ನನ್ ಮಾತು ಕೆಟ್ಟೋಯ್ತು."

ಸೈದಾನಿ ಬಿ ಉತ್ತರವಾಗಿ ಚೀಲವನ್ನು ಮುಂದೆ ಚಾಚುತ್ತಾರೆ. ತಿಮ್ಮಕ್ಕ ಮೂಲೆಗಳನ್ನು ಜಗ್ಗಿ ನೋಡಿ ಮುಖ ಸಿಂಡರಿಸುತ್ತಾರೆ.

"ಯಾವಳೇ ಇದನ್ನ ಹೊಲ್ದಿರೋಳು? ಇದು ಕಿವಿನಾ, ಇಲಿ ಬಾಲನಾ?"

"ನಾನೇ."

"ಅಂಗನ್ನು ಮತ್ತೆ."

ಇಬ್ಬರೂ ನಗುತ್ತಾರೆ. ಈಗ ಬಟವಾಡೆ ಸಂತೆಯ ಹಿಂದಿನ ಸಂಜೆ ತಪ್ಪುವುದಿಲ್ಲವೆಂದೂ, ಕೂಲಿಯ ಪಾಲನ್ನು ಫಿರ್ದೋಸ್ ತನಗೂ ಮುಟ್ಟಗೊಡುವುದಿಲ್ಲವೆಂದೂ ಸೈದಾನಿ ಬಿ ಹೇಳುತ್ತಾರೆ.

"ಸೊಸೆ ಬುದ್ಧಿವಂತೆ. ಸದ್ಯ, ಅತ್ತೆ ಗಾಳಿ ಸೋಕಿಲ್ಲ" ಎಂದ ತಿಮ್ಮಕ್ಕನ ಬೆರಳುಗಳು ಮಾತಿನ ನಡುವೆಯೇ ಆ ಕೆಟ್ಟ ಹೊಲಿಗೆಯನ್ನು ಬಿಚ್ಚಿಹಾಕಿವೆ. "ದಬ್ಬಣ ತಂದಿದೀಯಾ? ಕೊಡು ಇಲ್ಲಿ."

"ಇಲ್ಲ. ನಿಂದು ಕಂಬದಲ್ಲೇ ಐತೆ."

ತಿಮ್ಮಕ್ಕನ ಕೈ ನಿಲ್ಲುತ್ತದೆ. "ಇನ್ನೂ ಐತಾ?"

"ತುಕ್ಕು ಹಿಡಿಯಾಕೆ ಬಿಟ್ಟಿಲ್ಲ."

ಕಿವಿ ಬಿಚ್ಚಿದ ಚೀಲವನ್ನು ತಿಮ್ಮಕ್ಕ ಹಿಂದಕ್ಕೆ ಕೊಡುವುದಿಲ್ಲ. ಮಡಿಸಿ ತಮ್ಮ ಮೊಣಕಾಲ ಕೆಳಗೆ ಇಟ್ಟುಕೊಳ್ಳುತ್ತಾರೆ. "ಈ ಕೊಬ್ರಿ ರಾಶಿ ಮುಗೀಬೇಕು ಕಣೇ. ನಡುವೆ ಬಿಟ್ಟು ಬಂದೆ ಅನ್ನಿಸ್ಕೊಳ್ಳಲ್ಲ ನಾನು. ಬತ್ತೀನಿ ಅಂತ ಅನ್ನಾಕಿಲ್ಲ. ನಾಳೆ ಅಂತೂ ಅನ್ನಾಕೇ ಇಲ್ಲ."

ಹಿಂದಿರುಗುವಾಗ ಕಡೂರಿನ ನಿಲ್ದಾಣದಲ್ಲಿ ಬಸ್ಸು ನಿಂತಾಗ ಸೈದಾನಿ ಬಿ, "ಚೀಲ ಇಟ್ಕೊಂಡ್ಳು, ನೋಡಿದ್ರಾ?" ಎಂದು ಒಮ್ಮೆ ಕೇಳಿದರು.

ಮರುದಿನ ಬೆಳಗ್ಗೆಯೂ ಮೋಡವಿಲ್ಲ. ಗಳುಗಳ ನಡುವೆ ಚೀಲ ಏರುತ್ತದೆ, ಇಳಿಯುತ್ತದೆ. ಹೆಂಗಸರು ಬಂದು ತಮ್ಮ ದಬ್ಬಣ ಕಿತ್ತುಕೊಳ್ಳುತ್ತಾರೆ. ಉಳಿದ ಒಂದರ ಕಣ್ಣಿಗೆ ಸೈದಾನಿ ಬಿ ಹೊಸ ದಾರ ಪೋಣಿಸಿ, ಮೊದಲಿದ್ದ ಗುರುತಿನಲ್ಲೇ ಮತ್ತೆ ಚುಚ್ಚುತ್ತಾರೆ. ಈ ವರ್ಷ ನಿಮಗೆ ಏನಾಗಬೇಕು ಎಂಬ ಪ್ರಶ್ನೆಗೆ ಬ್ಯಾಂಕಿನ ಮಿತಿಯ ಮಾತು ಬರಬಹುದು, ಕೊಟ್ಟಿಗೆಯ ಮಾತು ಬರಬಹುದು ಎನಿಸಿತ್ತು. ಅವರು ಬಿಸಿಲಿಗೆ ಕೈ ಅಡ್ಡ ಹಿಡಿದು ಕಂಬವನ್ನೇ ನೋಡುತ್ತಾರೆ.

"ಈರುಳ್ಳಿ ಕೀಳೋ ಹೊತ್ತಿಗೆ, ಒಂದಿನ, ಇಂಥ ಬೆಳಗಲ್ಲಿ, ಆರು ಜನಾನೂ ಹೊಲ್ಯಾಕೆ ಕೂತು, ಈ ಕಂಬ ಬೋಳಾಗಿ ಕಾಣ್ಬೇಕು ಸಾಮಿ. ಅಷ್ಟೇ."