ಬರಿಗೈಯಲ್ಲಿ ಕರೆಯಬಾರದು

ಶೇವಂತಿಯನ್ನು ಆ ದಿನ ಮಡುವಿನ ಆಳದಿಂದ ದಡಕ್ಕೆ ಕರೆದವಳು ನಾನು. ಅವಳ ತಾಯಿಯ ದನಿಯನ್ನು ಕದ್ದು ಕರೆದೆ. ಆಮೇಲೆ ಆ ತಾಯಿ, ತಪ್ಪು ತನ್ನದೇ ಇರಬೇಕೆಂದು ನನ್ನ ಮುಂದೆ ಅತ್ತಾಗ, ‘ಇರಬಹುದು’ ಎಂದೆ. ಮೊದಲಿನದು ಪಾಪವೆಂದಾದರೆ ಎರಡನೆಯದಕ್ಕೆ ನನ್ನ ಬಳಿ ಹೆಸರಿಲ್ಲ — ಕನ್ನಡದಲ್ಲಿಯೂ ಇಲ್ಲ, ನಾನು ಜೀವಮಾನವಿಡೀ ಕಲಿಸಿದ ಇಂಗ್ಲಿಷಿನಲ್ಲಿಯೂ ಇಲ್ಲ.

ಶೇವಂತಿ ಒಂದು ಮೀನು. ನಗಬೇಡಿ. ಸ್ವಲ್ಪ ತಾಳಿ ಓದಿ.

ನಾನು ಬೆಳಗಾವಿಯ ಒಂದು ಕಾನ್ವೆಂಟಿನಲ್ಲಿ ಓದಿ, ಅಲ್ಲಿಯೇ ಟೀಚರ್ ಆಗಿ ನಿವೃತ್ತಳಾದವಳು. ಲಿಂಗಾಯತರ ಮನೆಯ ಹುಡುಗಿ. ನಮ್ಮ ಕ್ಲಾಸಿನ ಕ್ರಿಶ್ಚಿಯನ್ ಹುಡುಗಿಯರು ಸಾಲಾಗಿ ಚಾಪೆಲ್ಲಿಗೆ ಹೋಗಿ, ಆ ಕಟ್ಟಿಗೆಯ ಗೂಡಿನ ಮುಂದೆ ಮೊಳಕಾಲೂರಿ ಕನ್ಫೆಷನ್ ಹೇಳಿ, ಹಗುರಾಗಿ ಓಡಿಬರುವುದನ್ನು ನಾನು ಹೊರಗಿನ ಜಗಲಿಯಲ್ಲಿ ನಿಂತು ನೋಡುತ್ತಿದ್ದೆ. ಹೊಟ್ಟೆಕಿಚ್ಚಾಗುತ್ತಿತ್ತು. ನಮಗೆ ಅಂಥ ಗೂಡು ಇರಲಿಲ್ಲ. ಈಗ ಎಪ್ಪತ್ತಾರು ನನಗೆ. ರಾಮತೀರ್ಥ ನಗರದ ಈ ಮನೆಯ ಊಟದ ಮೇಜಿನ ಮುಂದೆ ಕೂತು, ಅಂದು ಕೇಳಿಸದ ಆ ಪಿಸುಮಾತನ್ನು ಬರೆಯಲು ಹೊರಟಿದ್ದೇನೆ.

ಅದೇ ಶಾಲೆಯಲ್ಲಿ ಇಂದ್ರಾಬಾಯಿ ಆಯಾ ಆಗಿದ್ದಳು. ಖಾನಾಪುರದ ಕಡೆಯವಳು; ಮರಾಠಿಯನ್ನೂ ಕನ್ನಡವನ್ನೂ ಒಂದೇ ಉಸಿರಿನಲ್ಲಿ ಆಡುವವಳು. ನನ್ನನ್ನು ‘ಮಿಸ್‌ಬಾಯಿ’ ಎನ್ನುತ್ತಿದ್ದಳು. ಅವಳಿಗೆ ಒಬ್ಬಳೇ ಮಗಳು, ಶೇವಂತಿ. ಹತ್ತೊಂಬತ್ತನೆಯ ವರ್ಷದಲ್ಲಿ ಮನೆಯ ಕೌದಿಗಳನ್ನು ಒಗೆಯಲು ನದಿಗೆ ಹೋದಳು. ಒದ್ದೆ ಕೌದಿಯ ಭಾರ ಎಷ್ಟಿರುತ್ತದೆಂದು ಒಗೆದವರಿಗೇ ಗೊತ್ತು. ಸುಳಿಗೆ ಸಿಕ್ಕ ಕೌದಿಯನ್ನು ಅವಳು ಬಿಡಲಿಲ್ಲ — ಅವ್ವ ಹೊಲಿದದ್ದು ಎಂದು ಇರಬೇಕು.

ಅವರ ಊರ ಕೆಳಗೆ ಒಂದು ಮಡುವಿದೆ. ಖಾನಾಪುರ ದಾಟಿ ಹಲಸಿಯ ದಾರಿ ಹಿಡಿದು ನಡುವೆ ಎಲ್ಲೋ ಇಳಿಯಬೇಕು. ಊರಿನ ಹೆಸರು ಬರೆಯುವುದಿಲ್ಲ. ಒಮ್ಮೆ ಬರೆದದ್ದೇ ಸಾಕಾಗಿದೆ. ಅಲ್ಲಿಯ ಪದ್ಧತಿ ಹೀಗೆ: ನೀರು ಯಾರನ್ನಾದರೂ ತೆಗೆದುಕೊಂಡರೆ, ವರ್ಷ ತುಂಬಿದ ದಿನ ಮನೆಯವರು ಮಡುವಿಗೆ ಹೋಗಿ ಜೋಳದ ಹಿಟ್ಟಿನ ಉಂಡೆ ಹಿಡಿದು ಸತ್ತವರ ಹೆಸರು ಕರೆಯುತ್ತಾರೆ. ಮೊದಲು ಯಾವ ಮೀನು ಬಂದು ತಿನ್ನುತ್ತದೋ ಅದಕ್ಕೆ ಆ ಹೆಸರು. ಆಮೇಲೆ ಅದು ಮನೆಯ ಮಗು. ದಿನವೂ ಮೀನು ತಿನ್ನುವ ಮನೆಗಳೂ ಆ ಮಡುವಿಗೆ ಗಾಳ ಹಾಕುವುದಿಲ್ಲ.

ರಿಟೈರ್ ಆದ ಮೇಲೆ ಇಂದ್ರಾಬಾಯಿ ಊರಿಗೆ ಹೋದಳು. ನಾನು ಆಗಾಗ ಹೋಗುತ್ತಿದ್ದೆ. ಮೊದಲ ಸಲ ಅವಳು ನನ್ನನ್ನು ಮಡುವಿಗೆ ಕರೆದೊಯ್ದಾಗ — ಬೆಳಗಿನ ಹೊತ್ತು, ನೀರು ಕಪ್ಪು ಗಾಜಿನ ಹಾಗೆ ಅಲುಗದೆ ನಿಂತಿತ್ತು. ಅವಳು ಚಪ್ಪಲಿ ಬಿಟ್ಟು ಮೀನಖಂಡದವರೆಗೆ ಇಳಿದು, ಮೂರು ಸಲ ಪಾದ ಬಡಿದು, ಮಗುವನ್ನು ಕರೆಯುವ ಮರಾಠಿಯ ‘ಬಾಳಾ’ ಸೇರಿಸಿ ಉದ್ದ ರಾಗದಲ್ಲಿ ಕರೆದಳು: “ಶೇವಂತೀ... ಯೇ ಬಾಳಾ... ಉಣ್ಣಾಕ ಬಾ.” ಆಳದಿಂದ ಒಂದು ನೆರಳು ಎದ್ದಿತು. ದೊಡ್ಡ ಮಹಶೀರ್ ಮೀನು, ರೂಪಾಯಿಯಗಲದ ಹುರುಪೆಗಳು, ಎಡಗಣ್ಣು ಮಾತ್ರ ಹಾಲಿನ ಹಾಗೆ ಬೆಳ್ಳಗೆ. ಬಂದು ಅವಳ ಕಾಲಿಗೆ ಮೈ ಉಜ್ಜಿ, ಉಂಡೆಯನ್ನು ಕೈಯಿಂದಲೇ ತೆಗೆದುಕೊಂಡಿತು.

“ನಾನೂ ಕರೀಲೇನು?” ಎಂದೆ.

“ನೀವು ಇಂಗ್ಲಿಷ್‌ನ್ಯಾಗ ಕರದೀರಿ, ಸಾಹೇಬರ ಮೀನ ಬಂದಾವು,” ಎಂದು ನಕ್ಕಳು. ಆಮೇಲೆ ನಗು ಬಿಟ್ಟು ಹೇಳಿದಳು: “ಒಂದ ಮಾತ, ಮಿಸ್‌ಬಾಯಿ. ಬರಿಗೈಲೆ ಕರೀಬಾರದು. ಮನಿ ಮಗಳನ್ನ ಉಣ್ಣಾಕ ಕರದು ಖಾಲಿ ತಾಟ ಇಟ್ಟಂಗ ಆಕ್ಕೈತಿ.”

ಅವಳು ಪಾದ ಬಡಿಯುವುದನ್ನೂ ಆ ರಾಗವನ್ನೂ ಹಾಗೆಯೇ ಕಲಿಸಿಕೊಟ್ಟಳು. ನಂಬಿ ಕಲಿಸಿದಳು.

ಇದಾದ ಕೆಲವು ವರ್ಷಕ್ಕೆ ನನ್ನ ಅಣ್ಣನ ಮಗ ಪ್ರಕಾಶ ಹೊಸದೊಂದು ಉದ್ಯೋಗ ಶುರುಮಾಡಿದ. ಹೊರದೇಶದಿಂದ ಗಾಳ ಹಾಕುವ ಶೋಕಿಗೆ ಬರುವವರನ್ನು ಜೀಪಿನಲ್ಲಿ ಎರಡು ದಿನ ನಮ್ಮ ಕಡೆಯ ಹೊಳೆಗಳಿಗೆ, ಎರಡು ದಿನ ಕಾರವಾರ–ಗೋವೆಯ ಸಮುದ್ರಕ್ಕೆ ಕರೆದೊಯ್ಯುವುದು. ಯಾವ ನೀರಿನಲ್ಲಿ ಯಾವ ಮೀನು ಎಂದು ಹೇಳುವ ಒಂದು ಬುಕ್‌ಲೆಟ್ ಅವನಿಗೆ ಬೇಕಿತ್ತು, ಚಂದದ ಇಂಗ್ಲಿಷಿನಲ್ಲಿ.

“ಅತ್ತಿ, ನೀ ಜೀವಮಾನದಾಗ ಒಂದ ಮೀನ ಮುಟ್ಟಿಲ್ಲ, ನಿನ್ನ ಕಡೆನ ಬರಸಾಕ ಹತ್ತೇನಿ ನೋಡು. ಸ್ವಾಮಿಗಳಿಗೆ ಗೊತ್ತಾದ್ರ ಕೊರಳಾಗಿನ ಲಿಂಗ ಇಸ್ಕೊಂಡಾರು.”

“ತಿನ್ನೂದು ಬ್ಯಾಡ ಅಂದಾರ. ಸ್ಪೆಲ್ಲಿಂಗ್ ಬರಿಬ್ಯಾಡ ಅಂದಿಲ್ಲ,” ಎಂದೆ.

ನಿವೃತ್ತಳಾದ ಮೇಲೆ ನನ್ನ ಇಂಗ್ಲಿಷನ್ನು ಯಾರೂ ಕೇಳಿರಲಿಲ್ಲ. ಎಷ್ಟು ಸಂತೋಷದಿಂದ ಬರೆದೆ. ಸಿಹಿನೀರಿನ ಭಾಗದಲ್ಲಿ ಕಟ್ಲಾ, ರೋಹು, ಬಂಡೆಯ ಸಂದಿಯ ಬಾಳೆಮೀನು. ಉಪ್ಪುನೀರಿನ ಭಾಗದಲ್ಲಿ ಕೊಂಕಣಿಯವರು ಚೊಣಕ್ ಎನ್ನುವ ಬೆಳ್ಳಿಮೈಯ ಮೀನು, ಬಾಣದ ಹಾಗೆ ಓಡುವ ಇಸ್ವಣ. ಮಹಶೀರ್ ಬಂದಾಗ — ಅಲ್ಲಿ ನನ್ನ ಕೈ ತಡೆಯಲಿಲ್ಲ. ‘ಇಲ್ಲಿಯ ಒಂದು ಹಳ್ಳಿಯಲ್ಲಿ ಇವನ್ನು ಹೆಸರು ಹಿಡಿದು ಕರೆಯುತ್ತಾರೆ, ಅವು ಬರುತ್ತವೆ’ ಎಂದು ಬರೆದೆ. ಹಳ್ಳಿಯ ಹೆಸರನ್ನೂ ಬರೆದೆ. ವಾಕ್ಯ ಚಂದ ಬಂದಿತ್ತು. ಅದಕ್ಕಾಗಿ ಬರೆದೆ.

ಆ ವಾಕ್ಯ ಓದಿ ಸ್ಕಾಟ್ಲೆಂಡಿನಿಂದ ಒಬ್ಬ ಮುದುಕ ಬಂದ. ಸಭ್ಯ ಮನುಷ್ಯ, ನನ್ನ ವಯಸ್ಸಿನವನೇ. ಎರಡು ದಿನ ಬೇರೆ ಕಡೆ ಗಾಳ ಹಾಕಿ ಏನೂ ಸಿಗದೆ ನಮ್ಮ ಮನೆಗೆ ಚಹಾಕ್ಕೆ ಬಂದು, ಆ ಬುಕ್‌ಲೆಟ್ಟನ್ನು ಮೊಳಕಾಲ ಮೇಲಿಟ್ಟುಕೊಂಡು ಕೇಳಿದ: “ಮೇಡಂ, ಇಷ್ಟು ಸುಂದರವಾಗಿ ಬರೆಯಲು ನಿಮಗೆ ಕಲಿಸಿದವರು ಯಾರು?” ಆಮೇಲೆ ಮೆಲ್ಲಗೆ: “ಆ ಹಳ್ಳಿ... ಅದು ನಿಜವೇ?”

ನಿಜವೆಂದು ತೋರಿಸಬೇಕೆನ್ನಿಸಿತು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ಇಷ್ಟು ವರ್ಷದಲ್ಲಿ ಸಿಗುತ್ತಿತ್ತು.

ನಂದಗಡದ ಸಂತೆಯ ದಿನವನ್ನೇ ಆರಿಸಿದೆ. ಅಂದು ಇಂದ್ರಾಬಾಯಿ ಊರಿನಲ್ಲಿರುವುದಿಲ್ಲವೆಂದು ನನಗೆ ಗೊತ್ತಿತ್ತು — ಇದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಜೋಳದ ಹಿಟ್ಟನ್ನು ಇದೇ ಮನೆಯ ಅಡುಗೆಮನೆಯಲ್ಲಿ ನಾನೇ ನಾದಿದೆ. ಪ್ರಕಾಶ ಜೀಪಿನೊಂದಿಗೆ ಮೇಲಿನ ರಸ್ತೆಯಲ್ಲಿ ಉಳಿದ. ಅವನಿಗೆ ಮೀನಿಗೆ ಸತ್ತವರ ಹೆಸರಿಡುವ ಪದ್ಧತಿ ಗೊತ್ತಿರಲಿಲ್ಲ. ನಾವಿಬ್ಬರೂ ಇಳಿದು ಹೋದೆವು.

ನಡುಮಧ್ಯಾಹ್ನ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ದಡದ ಮರದಲ್ಲಿ ಒಂದು ಹಕ್ಕಿಯ ಸದ್ದೂ ಇಲ್ಲ. ಅವನು ಒಂದು ತಾಸು ಏನೇನೋ ಬಣ್ಣದ ಗಾಳ ಎಸೆದ. ನೀರು ಅವನ್ನು ನೋಡಿಯೂ ನೋಡದ ಹಾಗಿತ್ತು. ಆಗ ನಾನು ಚಪ್ಪಲಿ ಬಿಟ್ಟು ಇಳಿದೆ. ನನ್ನ ಹಿಟ್ಟಿನ ಉಂಡೆಯನ್ನು ಅವನು ಗಾಳಕ್ಕೆ ಮೆತ್ತಿ ನನ್ನ ಪಾದದ ಹತ್ತಿರ ಇಳಿಬಿಟ್ಟ. ಆ ಮಡುವಿನಲ್ಲಿ ಬೇರೆ ಹೆಸರುಗಳೂ ಇದ್ದವು. ಎಲ್ಲಕ್ಕೂ ದೊಡ್ಡದು ಶೇವಂತಿ — ನಾನು ದೊಡ್ಡದನ್ನು ಆರಿಸಿದೆ. ಮೂರು ಸಲ ಪಾದ ಬಡಿದೆ. ಬಾಯಿ ತೆರೆದೆ. ಹೊರಬಂದ ದನಿ ನನ್ನದಾಗಿರಲಿಲ್ಲ. ಇಂದ್ರಾಬಾಯಿಯ ಗಂಟಲಿನ ಆ ಒಡಕು, ‘ಬಾಳಾ’ ಎನ್ನುವಾಗಿನ ಆ ಜಗ್ಗು, ಎಲ್ಲವೂ ಹಾಗೆಯೇ. ನಾನೇ ಬೆಚ್ಚಿದೆ.

ಅದು ಎದುರಿನಿಂದ ಬರಲಿಲ್ಲ. ಹಿಂದಿನಿಂದ ಬಂದು ನನ್ನ ಕಾಲಿಗೆ ಮೈ ಉಜ್ಜಿತು. ಉಂಡೆಯ ಮುಂದೆ ಬಂದು ನಿಂತಿತು. ನಿಂತು — ಆ ಬಿಳಿಗಣ್ಣಿನ ಬದಿಯನ್ನು ಮೇಲೆ ಮಾಡಿ ನನ್ನನ್ನು ನೋಡಿತು. ಕುರುಡು ಕಣ್ಣು ನೋಡುವುದಿಲ್ಲ, ನನಗೆ ಗೊತ್ತು. ಆದರೂ. ‘ಬೇಡ’ ಎನ್ನಲು ನನಗೆ ಅಷ್ಟು ಹೊತ್ತು ಸಿಕ್ಕಿತ್ತು.

ಆಮೇಲೆ ಉಂಡೆ ನುಂಗಿತು. ಗಾಳದ ದಾರ ಕೂಗಿತು.

ಆ ಮುದುಕನ ಕೂಗು ಕೇಳಿ ಪ್ರಕಾಶ ಓಡಿಬಂದ. ಬಹಳ ಹೊತ್ತಿನ ಮೇಲೆ ಆ ಮನುಷ್ಯ ಮೀನನ್ನು ಎರಡೂ ತೋಳಲ್ಲಿ ಎತ್ತಿ ಹಿಡಿದ. ಪ್ರಕಾಶ ಅವನ ಕ್ಯಾಮೆರಾದಲ್ಲಿ ಫೋಟೊ ತೆಗೆದ. ಅವರದು ಕ್ಯಾಚ್ ಆ್ಯಂಡ್ ರಿಲೀಸ್ — ಹಿಡಿದು ಬಿಟ್ಟುಬಿಡುವುದು, ಕೊಲ್ಲುವುದಿಲ್ಲ. ಗಾಳ ಬಿಡಿಸಿ, ಮೀನನ್ನು ಹರಿವಿಗೆ ಮುಖ ಮಾಡಿ ಹಿಡಿದು, ಅದಕ್ಕೆ ಉಸಿರು ಬರುವವರೆಗೆ ಕೂಸನ್ನು ಮೀಸುವ ಹಾಗೆ ಹಿಡಿದುಕೊಂಡಿದ್ದ. ಅದು ಜಾರಿ ಹೋಯಿತು. “ನೋಡಿ, ಏನೂ ಆಗಲಿಲ್ಲ,” ಎಂದ. ಅವನ ಮಟ್ಟಿಗೆ ಅದು ಖರೆ. ಅವನನ್ನು ನಾನು ದೂರುವುದಿಲ್ಲ. ಅವನಿಗೆ ಅದು ಒಂದು ಮೀನು. ನನಗೆ ಹೆಸರು ಗೊತ್ತಿತ್ತು.

ನಾಲ್ಕು ದಿನಕ್ಕೆ ಇಂದ್ರಾಬಾಯಿಯ ಫೋನು. “ಮಿಸ್‌ಬಾಯಿ, ಸಂತಿ ದಿನದಿಂದ ಶೇವಂತಿ ಬರವಲ್ಲಳ್ರಿ. ಯಾವ ಮೀನನೂ ಬರವಲ್ವು. ಕರದ್ರ ನೀರ ಸುಮ್ಮಕಾಗತೈತಿ.” ಹೋದೆ. ಹೋಗದೆ ಇರಲಾಗಲಿಲ್ಲ. ಅವಳು ಉಂಡೆ ಹಿಡಿದು ನಡುಮಟ್ಟ ನೀರಲ್ಲಿ ನಿಂತು ಕರೆದಳು. ಪಾದ ಬಡಿದೊಡನೆ ಆಳದಲ್ಲಿ ನೆರಳುಗಳು ಅತ್ತ ಸರಿದವು, ಬಾಗಿಲು ಒಳಗಿನಿಂದ ಹಾಕಿಕೊಂಡ ಹಾಗೆ. ಅವಳು ದಡಕ್ಕೆ ಬಂದು, ಒದ್ದೆ ಸೆರಗನ್ನು ಹಿಂಡುತ್ತ ಕೇಳಿದಳು:

“ಆ ದಿನ ಅಕಿಗೆ ಉಣ್ಣಾಕ ಹಾಕದ ಸಂತಿಗೆ ಹೋಗಿದ್ದೆ. ಅದಕ್ಕ ಸಿಟ್ಟಾಗಿರಬೇಕಲ್ರಿ? ತಪ್ಪ ನಂದ ಐತಿ, ಹೌದಿಲ್ರಿ?”

ನಾನು ನೀರನ್ನು ನೋಡುತ್ತಿದ್ದೆ.

“ಇರಬಹುದು, ಇಂದ್ರಾ,” ಎಂದೆ.

ಇದು ಆಗಿ ಒಂಬತ್ತು ವರ್ಷ. ಅಂದಿನಿಂದ ಅವಳು ಸಂತೆಗೆ ಹೋಗಿಲ್ಲ. ಮದುವೆಗೆ ಹೋಗಿಲ್ಲ, ತವರಿಗೆ ಹೋಗಿಲ್ಲ. ದಿನವೂ ಎರಡು ಹೊತ್ತು ಮಡುವಿಗೆ ಇಳಿದು ಕರೆದು, ಉಂಡೆಯನ್ನು ನೀರಿಗೆ ಬಿಟ್ಟು, ಕ್ಷಮೆ ಕೇಳಿ ಬರುತ್ತಾಳೆ — ತಾನು ಮಾಡದ ತಪ್ಪಿಗೆ. ನಾನು ಆ ಬುಕ್‌ಲೆಟ್ಟಿನ ಪ್ರತಿಗಳನ್ನೆಲ್ಲ ಪ್ರಕಾಶನಿಂದ ತರಿಸಿ ಹರಿದುಹಾಕಿದೆ. ಅವನು ಏಕೆಂದು ಕೇಳಿದ. ಸ್ಪೆಲ್ಲಿಂಗ್ ತಪ್ಪಿದೆ ಎಂದೆ.

ಫೋಟೊ ಒಂದನ್ನು ಮಾತ್ರ ಹರಿಯಲಾಗಲಿಲ್ಲ. ಆ ಮುದುಕ ಊರಿಗೆ ಹೋಗಿ ಪ್ರೀತಿಯಿಂದ ಕಳಿಸಿದ್ದು. ಮೀನು, ಅವನ ನಗು, ಬದಿಯಲ್ಲಿ ಒದ್ದೆ ಸೀರೆಯ ನಾನು. ಫೋಟೊ ತೆಗೆಯುವಾಗ ನಾನು ತುಟಿ ಬಿಗಿದು ನಿಂತಿದ್ದೆ. ಇದನ್ನು ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಲ್ಲೆ. ಆದರೆ ಫೋಟೊದಲ್ಲಿ ನನ್ನ ಬಾಯಿ ತೆರೆದಿದೆ. ಕರೆಯುತ್ತಿದ್ದೇನೆ. ಈಗಲೂ ಕಪಾಟಿನ ಆ ಕವರನ್ನು ತೆರೆದಾಗಲೆಲ್ಲ ಮೊದಲು ನೋಡುವುದು ಬಾಯನ್ನು — ಮುಚ್ಚಿದೆಯೇನೋ ಎಂದು.

ಇಷ್ಟನ್ನೂ ನನ್ನೊಡನೆ ಸುಡುಗಾಡಿಗೆ ಒಯ್ಯಬಹುದಿತ್ತು. ಒಯ್ಯುವವಳೇ ಇದ್ದೆ. ಹೋದ ತಿಂಗಳು ಮತ್ತೆ ಹೋದೆ. ಇಂದ್ರಾಬಾಯಿಗೆ ಈಗ ಕಣ್ಣು ಮಂಜು. ಹಲವು ವರ್ಷದಿಂದ ನೀರು ಅವಳಿಗೆ ಬರೀ ಬೆಳಕಾಗಿ ಕಾಣುತ್ತದೆ. “ನಾ ಕರೀತೇನ್ರಿ, ನೀವು ನೋಡಿ ಹೇಳ್ರಿ,” ಎಂದಳು. ನಾನು ಹಿಂದೆ ಮರದ ಬುಡದಲ್ಲಿ ನಿಂತೆ. ಅವಳು ಪಾದ ಬಡಿದಳು, ಕರೆದಳು.

ನೆರಳು ಎದ್ದಿತು.

ಮೊದಲು ನನ್ನ ಕಣ್ಣೇ ಸುಳ್ಳೆನ್ನಿಸಿತು. ದೊಡ್ಡದಾಗಿ, ನಿಧಾನವಾಗಿ ಬಂದು, ಅವಳಿಂದ ಎರಡು ಮಾರು ದೂರದಲ್ಲಿ ನೀರಿನೊಳಗೇ ನಿಂತಿತು. ಎಡಗಣ್ಣು ಬೆಳ್ಳಗೆ. ಎಷ್ಟು ವರ್ಷದಿಂದ ಹೀಗೆ ಬಂದು, ಅಷ್ಟು ದೂರದಲ್ಲಿ ನಿಂತು, ತಾಯಿಯನ್ನು ನೋಡಿ ಹೋಗುತ್ತಿತ್ತೋ — ಮೇಲೆ ಬರಲು ಅಂಜಿ. ಕಾಣದ ಕಣ್ಣಿನ ತಾಯಿ, ಮಗಳು ಬರಲಿಲ್ಲವೆಂದೇ ತಿಳಿದು ಅಳುತ್ತಿದ್ದಳೋ. ಹೇಳಬೇಕೆಂದು ಮರದ ಮರೆಯಿಂದ ಒಂದು ಹೆಜ್ಜೆ ಮುಂದೆ ಬಂದೆ. ನನ್ನ ನೆರಳು ನೀರಿಗೆ ತಾಗಿತು. ಅದು ಥಟ್ಟನೆ ತಿರುಗಿ ಇಳಿದುಹೋಯಿತು. ನೀರು ಮತ್ತೆ ಗಾಜಾಯಿತು.

“ಬಂದ್ಲೇನ್ರಿ, ಮಿಸ್‌ಬಾಯಿ?”

ಬಂದಳೆಂದರೆ ಏಕೆ ಹೋದಳೆಂದೂ ಹೇಳಬೇಕು. ನನ್ನ ಬಾಯಿ — ಫೋಟೊದಲ್ಲಿ ಯಾವಾಗಲೂ ತೆರೆದಿರುವ ಈ ಬಾಯಿ — ಅಂದು ತೆರೆಯಲಿಲ್ಲ. ಅವಳು ಉಂಡೆಯನ್ನು ನೀರಿಗೆ ಬಿಟ್ಟು, “ಇರ್ಲಿ ಬಿಡ್ರಿ. ಸಿಟ್ಟ ಇಳೀಬೇಕಲ್ಲ,” ಎಂದು ನನ್ನ ಕೈ ಹಿಡಿದು ದಡ ಹತ್ತಿದಳು.

ಆದ್ದರಿಂದ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂದ್ರಾಬಾಯಿಗೆ ಓದು ಬಾರದು, ಈಗ ಕಣ್ಣೂ ಇಲ್ಲ. ನಾನೇ ಓದಿ ಹೇಳಬೇಕು. ಗುರುವಾರ ಪ್ರಕಾಶ ಜೀಪು ತರುತ್ತಾನೆ. ಹಿಟ್ಟು ನಾದಿಲ್ಲ. ಹಣ್ಣು, ಹೂವು, ಅವಳಿಗೆಂದು ಸೀರೆ — ಏನನ್ನೂ ಒಯ್ಯುವುದಿಲ್ಲ. ಈ ಹಾಳೆಗಳು, ಆ ಫೋಟೊದ ಕವರು, ಅಷ್ಟೇ. ಮಡುವಿನ ಹತ್ತಿರ ಹೋಗುವುದಿಲ್ಲ; ಅವಳ ಮನೆಯ ಕಟ್ಟೆಯ ಮೇಲೆ ಕೂತು ಓದುತ್ತೇನೆ. ಕೇಳಿದ ಮೇಲೆ ಅವಳು ನನ್ನನ್ನು ಏನೆನ್ನುತ್ತಾಳೋ, ಅನ್ನಲಿ. ಅನ್ನದೆಯೂ ಇರಬಹುದು. ಆಮೇಲೆ ಅವಳು ಎದ್ದು, ಕೋಲು ಊರಿಕೊಂಡು, ಒಬ್ಬಳೇ ಇಳಿದು ಹೋಗಿ ಕರೆಯಲಿ — ಮಗಳು ಸಿಟ್ಟಾಗಿಲ್ಲವೆಂದು ತಿಳಿದು ಕರೆಯಲಿ. ನಾನು ಮೇಲೆ ರಸ್ತೆಯಲ್ಲಿ, ನನ್ನ ನೆರಳು ಆ ನೀರಿಗೆ ತಾಗದಷ್ಟು ದೂರದಲ್ಲಿ, ನಿಂತಿರುತ್ತೇನೆ.