ಮಿಸ್ತ್ರಿ ಒಲ್ಲದೆ ಹಾಕಿದ ಬೆಸುಗೆ

ಹಳೆಯ ಗೇರ್ ಎಣ್ಣೆಯ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮಾರನೆಯ ದಿನದ ತನಕ ಬಿಡುವುದಿಲ್ಲ. ಕೊಳೆತ ಮೊಟ್ಟೆಯನ್ನು ಹಂಚಿನ ಮೇಲೆ ಸುಟ್ಟ ಹಾಗಿರುತ್ತದೆ. ಮೊನ್ನೆ ಲಿಂಗಸುಗೂರಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ರಸ್ತೆ ಬದಿಯ ಶೆಡ್ಡಿನ ಮುಂದೆ ಒಂದು ಗೂಡ್ಸ್ ಗಾಡಿಯ ಹಿಂದಿನ ಗಾಲಿಗಳನ್ನು ಬಿಚ್ಚಿ, ನಡುವಿನ ಗುಂಡನೆಯ ಹೌಸಿಂಗ್ ತೆರೆದು, ಕರಿ ಎಣ್ಣೆಯನ್ನು ಹಳೆಯ ಬೋಗಾಣಿಗೆ ಇಳಿಸುತ್ತಿದ್ದರು. ಬಸ್ಸು ಬಂತು, ಹೋಯಿತು. ನಾನು ಅಲ್ಲೇ ನಿಂತಿದ್ದೆ, ಸಿಂಧನೂರಿನಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದ ಮಿಸ್ತ್ರಿಯ ನೆನಪಿನಲ್ಲಿ…

ವಯಸ್ಸಿನಲ್ಲಿ ಅವರು ನನ್ನ ಅಪ್ಪನ ಸಮ. ಆದರೂ ಆಗ ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಹೊಲ ಇದ್ದವರ ಸೊಕ್ಕು. ಈಗ ಬರೆಯಲು ಕೂತರೆ ಬಹುವಚನ ತಾನಾಗಿ ಬರುತ್ತಿದೆ. ಸತ್ತವರಿಗೆ ಮರ್ಯಾದೆ ಕೊಡುವುದು ಸುಲಭ.

ಮಸ್ಕಿ ರಸ್ತೆಯಲ್ಲಿ ಅವರದೊಂದು ತಗಡಿನ ಶೆಡ್ಡು. ಹಣೆಯ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಗ್ರೀಸಿನ ಬಣ್ಣಕ್ಕೆ ತಿರುಗಿರುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹೌಸಿಂಗಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಒಳಗೆ ಏನು ಹೋಗಿದೆ ಎಂದು ಹೇಳಿಬಿಡುತ್ತಿದ್ದರು. ಅವರದೊಂದು ಪದ್ಧತಿ ಇತ್ತು. ಕೆಲಸ ಮುಗಿದ ಗಾಡಿಯನ್ನು ಹಾಗೇ ಬಿಟ್ಟುಕೊಡುತ್ತಿರಲಿಲ್ಲ. ಮಾಲೀಕನ ಕೈಗೆ ಚಾವಿ ಕೊಟ್ಟು, ತಾವು ಹಿಂದೆ ಕೂತು, ಕಾಲುವೆಯ ಸೇತುವೆವರೆಗೆ ಹೋಗಿ ಬರುತ್ತಿದ್ದರು. ತಾನು ಕೂಡಲಾರದ ಗಾಡಿಯಲ್ಲಿ ಬೇರೆಯವರನ್ನು ಕೂಡಿಸಬಾರದು ಎಂಬುದು ಅವರ ಕಾನೂನು.

ನನ್ನದು ಮುದಗಲ್ಲಿನ ಒಬ್ಬರಿಂದ ಕೊಂಡ ಸೆಕೆಂಡ್ ಹ್ಯಾಂಡ್ ಪಿಕಪ್. ಗೊರೇಬಾಳದ ನಮ್ಮ ಗದ್ದೆಗೆ ಭತ್ತದ ಸಸಿ, ಗೊಬ್ಬರ, ನಾಟಿ ಹಚ್ಚುವ ಹೆಣ್ಣಾಳುಗಳು, ಎಲ್ಲಕ್ಕೂ ಅದೇ. ಕಾಲುವೆಗೆ ನೀರು ಬಿಟ್ಟ ವಾರವೇ ಅದು ಕೈಕೊಟ್ಟಿತು. ಎರೆ ಕೆಸರಿನಲ್ಲಿ ಒಂದು ಗಾಲಿ ಗಿರ್ರನೆ ತಿರುಗಿದರೆ ಇನ್ನೊಂದು ಸುಮ್ಮನೆ ನಿಲ್ಲುತ್ತಿತ್ತು. ಗಟ್ಟಿ ನೆಲದ ಮೇಲೆ ಹಿಂದಿನಿಂದ ಕಟಕಟ ಸದ್ದು. ಮಿಸ್ತ್ರಿ ಬಿಚ್ಚಿ ನೋಡಿದರು. ಹಿಂದಿನ ಎರಡು ಗಾಲಿಗಳ ನಡುವೆ ಕೂರುವ ಡಿಫ್ರೆನ್ಸಲ್ ಒಳಗಿನ ಸಣ್ಣ ಗೇರುಗಳ ಹಲ್ಲು ಉದುರಿವೆ, ಪೂರ್ತಿ ಸೆಟ್ ಬದಲಿಸಬೇಕು, ಹುಬ್ಬಳ್ಳಿಯಿಂದ ತರಿಸಲು ವಾರ ಹಿಡಿಯುತ್ತದೆ ಎಂದರು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು, ಒಳಗಿನ ಗಾಲಿ ಕಡಿಮೆ ಉರುಳಲು ಬಿಡುವುದೇ ಆ ಸಣ್ಣ ಗೇರುಗಳ ಕೆಲಸ.

ನನಗೆ ವಾರ ಎಲ್ಲಿತ್ತು? ಸಸಿ ಬಲಿಯುತ್ತಿತ್ತು, ಆಳುಗಳು ಬೇರೆಯವರ ಪಾಲಾಗುತ್ತಿದ್ದರು. ಟ್ರ್ಯಾಕ್ಟರಿನಲ್ಲಿ ಕಾಲಿನಿಂದ ಲಾಕ್ ಒತ್ತಿದರೆ ಹಿಂದಿನ ಎರಡೂ ಗಾಲಿ ಒಂದಾಗಿ ಕೆಸರಿನಿಂದ ಎದ್ದು ಬರುತ್ತವಲ್ಲ, ಅದು ನನ್ನ ತಲೆಯಲ್ಲಿ ಕೂತಿತು. ನಮ್ಮ ಕಡೆ ಟ್ರ್ಯಾಕ್ಟರ್ ಓಡಿಸಿ ಬೆಳೆದವನಿಗೆ ಎಲ್ಲ ಗಾಡಿಯೂ ಟ್ರ್ಯಾಕ್ಟರೇ. ಆ ಗೇರುಗಳನ್ನು ಒಂದಕ್ಕೊಂದು ಬೆಸುಗೆ ಹಾಕಿಬಿಡು, ಎರಡೂ ಗಾಲಿ ಒಟ್ಟಿಗೇ ತಿರುಗಲಿ ಎಂದೆ. ಅವರು ಒಲ್ಲೆ ಎಂದರು. ಎರಡು ದಿನ ಶೆಡ್ಡಿನ ಮುಂದೆ ಕೂತು ಕಾಡಿದೆ. ನಮ್ಮ ಮಂದಿಯ ಅಷ್ಟೂ ಗಾಡಿಗಳನ್ನು ಬೇರೆ ಕಡೆ ಒಯ್ಯಿಸುತ್ತೇನೆ ಎಂದು ಹೆದರಿಸಿದೆ. ಕೊನೆಗೆ ಮಾಡಿಕೊಟ್ಟರು.

“ಹೊಲದಾಗ ನಡೀತೈತ್ರೀ ಗೌಡ್ರ. ಡಾಂಬರಿನ ಮ್ಯಾಲೆ, ತಿರುವಿನ್ಯಾಗ, ಇದು ನಿಮ್ಮ ಮಾತ ಕೇಳಂಗಿಲ್ಲ. ಸೀದಾ ಹೋಗತೈತಿ. ಮಂದೀನ ಕುಂದ್ರಿಸಬ್ಯಾಡ್ರಿ.”

ಆ ದಿನ ಅವರು ಹಿಂದೆ ಕೂಡಲಿಲ್ಲ. ನಾನು ಅದನ್ನು ಗಮನಿಸಿದೆ, ನಕ್ಕೆ ಕೂಡ. ಸಾಮಾನು ಬಂದ ಕೂಡಲೇ ಬದಲಿಸುತ್ತೇನೆ, ಅಲ್ಲಿಯ ತನಕ ಆಳುಗಳನ್ನು ಹತ್ತಿಸುವುದಿಲ್ಲ ಎಂದು ಮಾತು ಕೊಟ್ಟು ಗಾಡಿ ತಂದೆ.

ಸಾಮಾನು ಬಂತು. ಮಿಸ್ತ್ರಿ ಎರಡು ಸಲ ಫೋನ್ ಮಾಡಿದರು. ನಾಟಿ ಮುಗಿಯಲಿ ಎಂದೆ. ಗಾಡಿ ಕೆಸರಿನಲ್ಲಿ ಕೋಣದ ಹಾಗೆ ಎಳೆಯುತ್ತಿತ್ತು, ನನ್ನ ಬುದ್ಧಿಗೆ ನಾನೇ ಬೆನ್ನು ಚಪ್ಪರಿಸಿಕೊಳ್ಳುತ್ತಿದ್ದೆ. ಹತ್ತನೆಯ ದಿನ ಬೆಳಿಗ್ಗೆ ಜಿಟಿಜಿಟಿ ಮಳೆ. ಹೆಣ್ಣಾಳುಗಳನ್ನು ಹತ್ತಿಸಿಕೊಂಡು ಬರುವಾಗ, ಕಾಲುವೆ ಪಕ್ಕದ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ಗಾಡಿ ನೆಟ್ಟಗೆ ಹೋಯಿತು. ಏರಿಯಿಂದ ಕೆಳಗೆ ಮಗುಚಿತು. ನಾಟಿ ಗುಂಪಿನ ಮುಂದಾಳಾಗಿದ್ದ ಹೆಂಗಸು ಅಡಿಯಲ್ಲಿ ಸಿಕ್ಕಳು… ಬೆಳಿಗ್ಗೆ ಹತ್ತುವಾಗ ರೊಟ್ಟಿ ತಿಂದಿರಾ ಎಂದು ನನ್ನನ್ನು ವಿಚಾರಿಸಿದ್ದಳು. ಸಂಜೆಯ ತನಕ ಉಳಿಯಲಿಲ್ಲ.

ಮರುದಿನ ಠಾಣೆಯ ಅಂಗಳದಲ್ಲಿ ಆರ್‌ಟಿಓ ಕಚೇರಿಯ ಬ್ರೇಕ್ ಇನ್ಸ್‌ಪೆಕ್ಟರ್ ಗಾಡಿಯ ಹಿಂಭಾಗವನ್ನು ಜಾಕ್ ಮೇಲೆ ಎತ್ತಿಸಿ ಒಂದು ಗಾಲಿ ತಿರುವಿದರು. ಸರಿಯಿದ್ದ ಗಾಡಿಯಾದರೆ ಇನ್ನೊಂದು ಗಾಲಿ ಹಿಮ್ಮುಖ ತಿರುಗಬೇಕು. ಇದು ಜೊತೆಗೇ ತಿರುಗಿತು. ಅವರಿಗೆ ಅಷ್ಟೇ ಸಾಕಾಯಿತು. ಮಿಸ್ತ್ರಿಯನ್ನು ಕರೆಸಿ, ಯಾರು ಹೇಳಿ ಮಾಡಿಸಿದ್ದು ಎಂದು ಕೇಳಿದರು. ಮಿಸ್ತ್ರಿ ನನ್ನ ಕಡೆ ನೋಡಿದರು. ಸತ್ತವಳ ಮಂದಿ ಗೇಟಿನ ಹೊರಗೆ ನಿಂತಿದ್ದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

“ನಾನ ಮಾಡೀನ್ರೀ ಸಾಹೇಬ್ರ,” ಅಂದರು ಮಿಸ್ತ್ರಿ. “ಗೌಡ್ರಿಗೆ ಗೊತ್ತಿದ್ದಿಲ್ಲ.”

ನನಗೆ ಹೋದ ಜೀವ ಬಂದಂತಾಯಿತು. ನಾಚಿಕೆ ಆಮೇಲೆ ಬಂತು, ಬಹಳ ನಿಧಾನವಾಗಿ. ಕೋರ್ಟಿನಲ್ಲಿ ನನ್ನ ವಕೀಲರು ಆ ಒಂದೇ ಮಾತನ್ನು ಹಿಡಿದು ನನ್ನನ್ನು ಬಿಡಿಸಿದರು. ಮಿಸ್ತ್ರಿ ಕೆಲವು ತಿಂಗಳು ಒಳಗಿದ್ದು ಬಂದರು. ಅದಕ್ಕಿಂತ ದೊಡ್ಡ ಶಿಕ್ಷೆ ಹೊರಗೆ ಕಾದಿತ್ತು. ಹೆಂಗಸಿನ ಜೀವ ತೆಗೆದ ಮಿಸ್ತ್ರಿ ಎಂದು ಸಿಂಧನೂರಿನಿಂದ ಮಸ್ಕಿವರೆಗೆ ಹೆಸರಾಯಿತು. ಒಬ್ಬ ಡ್ರೈವರೂ ಅವರ ಬಳಿ ಗಾಡಿ ಬಿಡಲಿಲ್ಲ. ಶೆಡ್ಡು ಮುಚ್ಚಿ ಲಿಂಗಸುಗೂರಿಗೆ ಹೋಗಿ, ಬೇರೆಯವರ ಕೈಕೆಳಗೆ ಸಾಮಾನು ತೊಳೆಯುವ ಕೆಲಸಕ್ಕೆ ನಿಂತರೆಂದು ಕೇಳಿದ್ದೆ. ಹೋಗಿ ನೋಡಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಮಿಂಡ ಅನ್ನುತ್ತಾರಲ್ಲ, ಅದು ನಾನೇ.

ಮೊನ್ನೆ ಆ ಶೆಡ್ಡಿನವರನ್ನು ವಿಚಾರಿಸಿದೆ. ಮಿಸ್ತ್ರಿ ತೀರಿಕೊಂಡು ನಾಲ್ಕು ತಿಂಗಳಾಯಿತು ಎಂದು ಹೇಳಿ ಮನೆಯ ದಾರಿ ತೋರಿಸಿದರು. ಇದ್ದದ್ದನ್ನು ಹೇಳಿಬಿಡಬೇಕು ಎಂದುಕೊಂಡೇ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅವರ ಹೆಂಡತಿ ಗುರುತು ಹಿಡಿದರು, ಚಾಪೆ ಹಾಸಿದರು, ನೀರು ಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು.

“ಖರೇ ಹೇಳ್ರಿ ಗೌಡ್ರ. ಆ ಬೆಸುಗಿ ಹಾಕಿದ್ದು ನಿಮಗ ಗೊತ್ತಿದ್ದಿಲ್ಲೇನು?”

ಜೋಡಿಸಿಕೊಂಡ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೊರಗಿನ ಕಟ್ಟೆಯ ಮೇಲೆ ಪಕ್ಕದ ಮನೆಯವರು ಕೂತಿದ್ದರು.

“ಇಲ್ಲಬೇ ಅಕ್ಕಾ,” ಅಂದೆ. “ಗೊತ್ತಿದ್ದಿಲ್ಲ.”

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ಅವರೂ ಹಂಗ ಅಂತಿದ್ರು. ಸಾಯೋ ತನಕ ಅದ ಮಾತು. ನಾನ ನಂಬಿದ್ದಿಲ್ಲ. ಯಾರೋ ಹಚ್ಚಿ ಮಾಡಿಸ್ಯಾರ, ತಾವಾಗೇ ಇಂಥಾ ಕೆಲಸ ಮಾಡೋರಲ್ಲ ಅಂತ ಇಷ್ಟು ವರ್ಷ ಮಂದಿ ಜೋಡಿ ಜಗಳಾಡೀನಿ… ಮಂದಿ ಅಂದಿದ್ದ ಖರೇ ಆತು ನೋಡ್ರಿ.”

ಊರಿಗೆ ಊರೇ ಒಂದಾದಾಗಲೂ ಅವರ ಪರವಾಗಿ ನಿಂತವರು ಈ ಹೆಂಗಸೊಬ್ಬರೇ. ಮಿಸ್ತ್ರಿಗೆ ಉಳಿದಿದ್ದದ್ದು ಅಷ್ಟೇ, ಅದನ್ನೂ ಮೊನ್ನೆ ಹೋಗಿ ಕಿತ್ತುಕೊಂಡು ಬಂದೆ. ವಾಪಸ್ಸು ಹೋಗಿ ಹೇಳಬೇಕು ಎಂದು ದಿನಾ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಳ್ಳುತ್ತೇನೆ. ಲಿಂಗಸುಗೂರಿನ ಬಸ್ಸು ನಮ್ಮೂರಿಗೆ ದಿನಕ್ಕೆ ನಾಲ್ಕು ಸಲ ಬರುತ್ತದೆ.