ತೊಂಬತ್ತೆರಡರ ಮೇಲೊಂದು ಚೌಕಾಸಿ

ಅಕ್ಕನನ್ನು ಆಸ್ಪತ್ರೆಯಿಂದ ತ್ಯಾಗರಾಜನಗರದ ಮನೆಗೆ ಕರೆತರುವ ಹೊತ್ತಿಗೆ ನಾನೂ ಅರ್ಧ ರೋಗಿಯಾಗಿದ್ದೆ. ವರ್ಷಗಟ್ಟಲೆ ಸೌದೆ ಒಲೆಯ ಮುಂದೆ ನಿಂತು ಮೆಸ್ ನಡೆಸಿದವಳು ಅವಳು. ಆ ಹೊಗೆ ಅವಳ ಶ್ವಾಸಕೋಶ ತಿಂದುಹಾಕಿತ್ತು. ಬಾಡಿಗೆಗೆ ತಂದ ಆಕ್ಸಿಜನ್ ಯಂತ್ರ ಮಂಚದ ಪಕ್ಕ ಗುರ್ರೆನ್ನುತ್ತಿತ್ತು.

ಡಿಸ್ಚಾರ್ಜ್ ಹಾಳೆಯಲ್ಲಿ ಇಂಗ್ಲಿಷಿನ ಒಂದು ಸಾಲು: ಆಕ್ಸಿಜನ್ ಎರಡು ಲೀಟರ್, ಎಂಬತ್ತೆಂಟು ‘ಟು’ ತೊಂಬತ್ತೆರಡು. ಬೆರಳಿಗೆ ಸಿಕ್ಕಿಸುವ ಮೀಟರಿನಲ್ಲಿ ಕಾಣಬೇಕಾದ ಅಂಕಿ ಅದು ಎನ್ನುವಷ್ಟು ತಿಳಿಯಿತು. ಅಲ್ಲಿಗೆ ಮುಟ್ಟಿಸಬೇಕೋ, ಅಲ್ಲಿಗೇ ನಿಲ್ಲಿಸಬೇಕೋ? ಕೇಳಲಿಲ್ಲ. ಬನಶಂಕರಿಯಲ್ಲಿ ಹಳೇ ಬೀರು, ಮಂಚ ಕೊಂಡು ಮಾರಿ ಮೇಲೆ ಬಂದವನು ನಾನು. ಎದುರಿನವರು ಮೊದಲು ಹೇಳಿದ ಅಂಕಿಗೆ ವ್ಯಾಪಾರ ಮುಗಿಸಿದ್ದೇ ಇಲ್ಲ. ಡಾಕ್ಟರು ತೊಂಬತ್ತೆರಡು ಅಂದರೆ ನಾವು ತೊಂಬತ್ತೆಂಟು ತೆಗೆಯೋಣ ಎಂದು ಯಂತ್ರದ ತಿರುಪನ್ನು ಎರಡರಿಂದ ನಾಲ್ಕಕ್ಕೆ ಏರಿಸಿದೆ.

“ಗಾಳೀಲೂ ಚೌಕಾಸಿ ಮಾಡ್ತೀಯೇನೋ?” ಅಂದಳು ಅಕ್ಕ.

“ಸುಮ್ನೆ ಉಸಿರಾಡಕ್ಕ. ಜಾಸ್ತಿ ಬಂದ್ರೆ ನಿಂಗೇ ಲಾಭ.”

ಮೀಟರು ತೊಂಬತ್ತೇಳು ತೋರಿಸಿತು. ಅವಳಿಗೆ ನಿದ್ದೆ ಹತ್ತಿತು. ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ಮಲಗಿದ್ದಾಳೆಂದು ನಾನೂ ಕುರ್ಚಿಯಲ್ಲೇ ಒರಗಿದೆ. ಮಧ್ಯಾಹ್ನ ಊಟಕ್ಕೆ ಎಬ್ಬಿಸಿದರೆ ಏಳಲಿಲ್ಲ. ಭುಜ ಅಲುಗಿಸಿದರೆ ಏನೋ ತೊದಲಿ ಮತ್ತೆ ಮುಳುಗಿದಳು. ಮೀಟರು ಮಾತ್ರ ಅದೇ ಚೆಂದದ ಅಂಕಿ ತೋರಿಸುತ್ತಿತ್ತು.

ವಾರ್ಡಿಗೆ ಫೋನ್ ಮಾಡಿದೆ.

“ಎಷ್ಟಕ್ಕೆ ಇಟ್ಟಿದೀರ?” ಎಂದರು ನರ್ಸ್.

“ನಾಲ್ಕು ಸಿಸ್ಟರ್. ತೊಂಬತ್ತೇಳಿದೆ, ಚೆನ್ನಾಗೇ ಇದೆ...”

“ಅಯ್ಯೋ ಅಂಕಲ್! ತೊಂಬತ್ತೆರಡು ದಾಟ್ಬಾರ್ದು ಅಂತ ಬರ್ದಿರೋದು. ಇವ್ರ ಲಂಗ್ಸಿಗೆ ಜಾಸ್ತಿ ಕೊಟ್ರೆ ಒಳಗಿನ ಕೆಟ್ಟ ಗಾಳಿ ಹೊರಗೇ ಹೋಗಲ್ಲ. ಪೂರ್ತಿ ತೆಗೀಬೇಡಿ, ಎರಡಕ್ಕೆ ಇಳ್ಸಿ. ಆಂಬುಲೆನ್ಸ್ ಕರ್ಸಿ, ಈಗ್ಲೇ ಕರ್ಕೊಂಡ್ ಬನ್ನಿ.”

ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಬಿಗಿದು ಎರಡು ದಿನ ಯಂತ್ರದಿಂದ ಉಸಿರಾಡಿಸಿದ ಮೇಲೆ ಅಕ್ಕ ನನ್ನ ಗುರುತು ಹಿಡಿದಳು.

ನಿಮ್ಮ ಮನೆಗೂ ಇಂಥ ಹಾಳೆ ಬಂದರೆ, ನಿಮಗೆ ತಿಳಿದ ಅರ್ಥವನ್ನು ಕನ್ನಡದಲ್ಲಿ ನರ್ಸ್‌ಗೆ ಒಪ್ಪಿಸಿ. ಅವರು ಸರಿ ಎಂದ ಮೇಲೆಯೇ ವಾರ್ಡ್ ಬಿಡಿ. ಇಂಗ್ಲಿಷ್ ಬರುತ್ತದೆಂಬ ಜಂಬ ಬೇಡ, ನನಗೂ ಬರುತ್ತಿತ್ತು.

ಮತ್ತೆ ಮನೆಗೆ ಬಂದಾಗ ತಿರುಪು ಎರಡರಿಂದ ಜರುಗದಂತೆ ಟೇಪ್ ಸುತ್ತಿದೆ. ಮೀಟರು ತೊಂಬತ್ತರಲ್ಲಿ ನಿಂತಿತು. ನನ್ನ ಕಣ್ಣಿಗೆ ಅದು ಆಗಲೂ ಕಡಿಮೆಯೇ.

“ಅದನ್ನ ಗುರಾಯಿಸ್ತಾ ಕೂತ್ರೆ ಏರತ್ತಾ? ಹೋಗಿ ಅಂಗ್ಡಿ ಬಾಗ್ಲು ತೆಗಿ,” ಎಂದಳು ಅಕ್ಕ.

ಏಳುವ ಬದಲು ಇನ್ನೊಂದು ಸಲ ಅವಳ ಬೆರಳಿಗೆ ಮೀಟರು ಸಿಕ್ಕಿಸಿದೆ.